ದೊಡ್ಡ ಮೋಟರ್ ತರೋ ಮೊದಲು ಫುಟ್ ವಾಲ್ವ್, ಪೈಪ್ ನೋಡಿ

ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರೇ, ಕಾಫಿಗೆ ಹೂವಿನ ನೀರು (ಹೂವು ಅರಳಿಸಲು ಕೊಡುವ ನೀರು) ಹೊಡೆಯುವ ಕಾಲ ಬಂತು. ಸ್ಪ್ರಿಂಕ್ಲರ್‌ಗೆ ಪ್ರೆಷರ್ ಸಾಲುತ್ತಿಲ್ಲ ಅಂತ ಸುಮ್ನೆ ದೊಡ್ಡ ಮೋಟರ್ ತರಬೇಡಿ.

ಹೋದ ವರ್ಷ ನಮ್ಮ ಕೆರೆಯ ಫುಟ್ ವಾಲ್ವ್ (ನೀರೊಳಗಿನ ಪೈಪಿನ ತುದಿಯಲ್ಲಿರುವ ಜಾಲರಿ ಇರುವ ವಾಲ್ವ್) ಮೇಲೆತ್ತಿ ನೋಡಿದೆ. ಜಾಲರಿ ತುಂಬಾ ಕೊಳೆತ ಸಿಲ್ವರ್ ಓಕ್ ಮರದ ಎಲೆ, ಪಾಚಿ. ಬ್ರಷ್ ಹಾಕಿ ತೊಳೆದು ಬಿಟ್ಟೆ. ಗುಡ್ಡದ ತುದಿಯ ಸ್ಪ್ರಿಂಕ್ಲರ್ ಜೆಟ್ ಕೂಡ ಸರಿಯಾಗಿ ತಿರುಗಿತು!

ಪೈಪಿನ ಸೈಜ್ ಇನ್ನೂ ಮುಖ್ಯ. ಅಷ್ಟೇ ನೀರು 3 ಇಂಚಿನ ಬದಲು 2 ಇಂಚಿನ ಪೈಪಲ್ಲಿ ಹೋದರೆ, ಒಳಗಿನ ಉಜ್ಜಾಟಕ್ಕೆ ಪೋಲಾಗುವ ಶಕ್ತಿ ಸುಮಾರು 7 ಪಟ್ಟು ಜಾಸ್ತಿ. ಕರೆಂಟ್ ಸುಡುವುದು ಅಲ್ಲೇ ಅಲ್ವಾ? ಗಕ್ಕನೆ ತಿರುಗುವ ಎಲ್ಬೋ ಬದಲು ಉದ್ದನೆಯ ಬೆಂಡ್ ಹಾಕಿಸಿ. ಪಂಪನ್ನು ನೀರಿಗೆ ಆದಷ್ಟು ಹತ್ತಿರ ಇಡಿ.

ಸ್ಟಾರ್ಟರ್ ಹತ್ತಿರ ಕೆಪಾಸಿಟರ್ ಇದೆಯಾ? ಇದ್ದರೆ ಲೈನಿನಿಂದ ಎಳೆಯುವ ಆಂಪ್ಸ್ ಇಳಿಯುತ್ತದೆ, ವೈರ್ ಬಿಸಿಯಾಗುವುದು ಕಡಿಮೆ. ಉಬ್ಬಿದ್ದರೆ ಬದಲಿಸಿ. ದಯವಿಟ್ಟು ನೀವೇ ಕೈ ಹಾಕಬೇಡಿ, ಮೇನ್ ಆಫ್ ಮಾಡಿದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ.

ಇಷ್ಟಾದ ಮೇಲೂ ಹೊಸ ಪಂಪ್ ಬೇಕೇ ಬೇಕು ಅನ್ನಿಸಿದರೆ, 5 ಸ್ಟಾರ್ ಲೇಬಲ್ ಇರುವುದನ್ನೇ ಕೇಳಿ. ಎಷ್ಟು ಎತ್ತರಕ್ಕೆ ನೀರು ಹೋಗಬೇಕು ಅಂತ ಅಳೆದುಕೊಂಡೇ ಅಂಗಡಿಗೆ ಹೋಗಿ.