ಪೇಪರ್ ಮೊದಲು, ಪ್ರಶ್ನೆ ಆಮೇಲೆ: ಆರೋಗ್ಯ ಸಂಶೋಧನೆಯನ್ನು ಎಐನಿಂದ ಓದಿಸುವುದು ಹೇಗೆ?

ವಾಟ್ಸ್‌ಆ್ಯಪ್‌ನಲ್ಲಿ ಇಂಥ ಫಾರ್ವರ್ಡ್ ನೀವೂ ನೋಡಿರುತ್ತೀರಿ: ‘ದಿನಕ್ಕೆ 10,000 ಹೆಜ್ಜೆ ಬೇಕಿಲ್ಲ, 4,400 ಸಾಕು. ಸಾವಿನ ಅಪಾಯ ಶೇ 41ರಷ್ಟು ಕಡಿಮೆ!’ ಇದನ್ನು ಹಾಗೇ ಚಾಟ್‌ಜಿಪಿಟಿಗೋ ಜೆಮಿನಿಗೋ ಹಾಕಿ ‘ನಿಜವಾ?’ ಅಂತ ಕೇಳಿದರೆ ಚೆಂದದ ಉತ್ತರ ಬರುತ್ತದೆ. ಆದರೆ ಅದು ಆ ಸಂಶೋಧನೆಯನ್ನು ಓದಿ ಹೇಳಿದ್ದೋ, ಅಲ್ಲಿ ಇಲ್ಲಿ ಸಿಕ್ಕಿದ್ದನ್ನು ಹೊಂದಿಸಿ ಹೇಳಿದ್ದೋ ನಿಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಮೂಲ ಸಂಶೋಧನಾ ಪೇಪರ್ ಅನ್ನು ನೀವೇ ಹುಡುಕಿ ಕೊಡಿ, ಅದರೊಳಗಿನದನ್ನು ಮಾತ್ರ ಕೇಳಿ. ಮೇಲಿನ ಫಾರ್ವರ್ಡ್ ಅನ್ನೇ ಹಿಡಿದುಕೊಂಡು ಹೇಗೆ ಅಂತ ನೋಡೋಣ.

ಮೂಲ ಎಲ್ಲಿದೆ?

ಪಬ್‌ಮೆಡ್‌ಗೆ ಹೋಗಿ. ವೈದ್ಯಕೀಯ ಸಂಶೋಧನಾ ಪೇಪರ್‌ಗಳನ್ನು ಹುಡುಕಲು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ ಉಚಿತ ತಾಣ ಇದು. ಹುಡುಕಾಟ ಇಂಗ್ಲಿಷ್‌ನಲ್ಲೇ ಆಗಬೇಕು. ಯಾವ ಪದ ಹಾಕಬೇಕು ಅಂತ ತೋಚದಿದ್ದರೆ ಎಐಯನ್ನು ಕೇಳಿ, ಆ ಕೆಲಸ ಅದು ಚೆನ್ನಾಗಿ ಮಾಡುತ್ತದೆ. ಪೇಪರ್‌ಗಳ ಪಟ್ಟಿ ಮಾತ್ರ ಕೇಳಬೇಡಿ. ಇಲ್ಲದ ಪೇಪರ್‌ಗೆ ಲೇಖಕರು, ಪತ್ರಿಕೆ, ಇಸವಿ ಎಲ್ಲವನ್ನೂ ಸೃಷ್ಟಿಸಿ ಕೊಡುವ ಅಭ್ಯಾಸ ಅದಕ್ಕಿದೆ. ಕೊಟ್ಟರೂ ಒಂದೊಂದನ್ನೂ ಪಬ್‌ಮೆಡ್‌ನಲ್ಲಿ ಹುಡುಕಿ ನೋಡಿ.

ನಮ್ಮ ಫಾರ್ವರ್ಡ್‌ನ ಮೂಲ ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ಅಬ್‌ಸ್ಟ್ರಾಕ್ಟ್ (ಪೇಪರ್‌ನ ಆರಂಭದಲ್ಲಿರುವ ಚಿಕ್ಕ ಸಾರಾಂಶ) ಒಂದೇ ಸಾಲದು, ಪೂರ್ತಿ ಪಿಡಿಎಫ್ ಇಳಿಸಿಕೊಳ್ಳಿ. ಮಿತಿಗಳ ಬಗ್ಗೆ ಸಂಶೋಧಕರೇ ಬರೆದ ಮಾತು ಕೊನೆಯ ಪುಟಗಳಲ್ಲಿರುತ್ತದೆ. ತಪ್ಪು ಕಂಡುಬಂದು ಪೇಪರ್ ಅನ್ನು ಪ್ರಕಟಣೆಯಿಂದ ವಾಪಸ್ ಪಡೆದಿದ್ದರೆ ಪಬ್‌ಮೆಡ್ ಪುಟದಲ್ಲೇ ಆ ಸೂಚನೆ ಇರುತ್ತದೆ, ಅದನ್ನೂ ಒಮ್ಮೆ ಗಮನಿಸಿ.

ಏನು ಕೇಳಬೇಕು?

ಪಿಡಿಎಫ್ ಅಪ್‌ಲೋಡ್ ಮಾಡಿ. ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ಇದಕ್ಕೆ ಅನುಕೂಲ. ನೀವು ಕೊಟ್ಟ ಕಡತಗಳನ್ನೇ ಆಧರಿಸಿ ಉತ್ತರಿಸುತ್ತದೆ, ಯಾವ ಭಾಗದಿಂದ ತೆಗೆದದ್ದು ಅಂತ ತೋರಿಸುತ್ತದೆ. ಬೇರೆ ಎಐ ಆದರೂ ನಡೆಯುತ್ತದೆ. ‘ಸಾರಾಂಶ ಕೊಡು’ ಅಂದರೆ ಸಿಗುವುದು ಜಾಹೀರಾತಿನಂಥ ನಾಲ್ಕು ಸಾಲು. ಅದರ ಬದಲು ಹೀಗೆ ಬರೆಯಿರಿ:

‘ಈ ಪೇಪರ್‌ನಲ್ಲಿ ಇರುವುದನ್ನು ಮಾತ್ರ ಹೇಳು. ಯಾರ ಮೇಲೆ, ಎಷ್ಟು ಜನರ ಮೇಲೆ, ಎಷ್ಟು ಕಾಲ ಅಧ್ಯಯನ ನಡೆಯಿತು? ಪ್ರಯೋಗವೋ, ಬರೀ ಗಮನಿಸಿದ್ದೋ? ಯಾರನ್ನು ಯಾರ ಜತೆ ಹೋಲಿಸಿದ್ದಾರೆ? ಸಂಶೋಧಕರು ಒಪ್ಪಿಕೊಂಡ ಮಿತಿಗಳೇನು? ಪ್ರತಿ ಉತ್ತರಕ್ಕೂ ಪೇಪರ್‌ನ ಮೂಲ ಸಾಲನ್ನು ಇಂಗ್ಲಿಷ್‌ನಲ್ಲೇ ಕೊಡು. ಪೇಪರ್‌ನಲ್ಲಿ ಇಲ್ಲದಿದ್ದರೆ ಇಲ್ಲ ಅನ್ನು.’

ಕೊನೆಯ ಎರಡು ಸಾಲನ್ನು ಬಿಡಲೇಬೇಡಿ. ಮೂಲ ಸಾಲು ಸಿಕ್ಕರೆ ಅದನ್ನು ಪಿಡಿಎಫ್‌ನಲ್ಲಿ ಸರ್ಚ್ ಮಾಡಿ ನೋಡಬಹುದು. ಸರ್ಚ್‌ನಲ್ಲಿ ಸಿಗದ ಸಾಲನ್ನು ನಂಬುವ ಹಾಗಿಲ್ಲ.

ಅಂಕಿಗಳನ್ನು ನೀವೇ ನೋಡಿ

ಜಾಸ್ತಿ ಹೊತ್ತು ಹೋಗಬೇಕಾದದ್ದು ಇಲ್ಲಿ. ಈ ಅಧ್ಯಯನದಲ್ಲಿ ಇದ್ದವರು 16,741 ಮಂದಿ. ಎಲ್ಲರೂ ಹೆಂಗಸರು, ಸರಾಸರಿ ವಯಸ್ಸು 72, ಅಮೆರಿಕದವರು. ಸೊಂಟಕ್ಕೆ ಕಟ್ಟಿದ ಸಾಧನ 7 ದಿನ ಹೆಜ್ಜೆ ಎಣಿಸಿತು. ಆಮೇಲೆ ಸರಾಸರಿ 4.3 ವರ್ಷ ಅವರ ಮೇಲೆ ಕಣ್ಣಿಟ್ಟರು. ಅಷ್ಟರಲ್ಲಿ ತೀರಿಕೊಂಡವರು 504 ಮಂದಿ.

ಈಗ ಶೇ 41ಕ್ಕೆ ಬನ್ನಿ. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕಿದವರಿಗೆ ಹೋಲಿಸಿದರೆ ಸುಮಾರು 4,400 ಹೆಜ್ಜೆ ಹಾಕಿದವರಲ್ಲಿ ಸಾವು ಅಷ್ಟು ಕಡಿಮೆ. ಈ ‘ಯಾರಿಗೆ ಹೋಲಿಸಿದರೆ’ ಅನ್ನುವುದೇ ಫಾರ್ವರ್ಡ್‌ನಲ್ಲಿ ಬಿಟ್ಟುಹೋಗಿದೆ. ಅಲ್ಲದೆ ಒಟ್ಟು ಲೆಕ್ಕದಲ್ಲಿ ಸತ್ತವರೇ ನೂರಕ್ಕೆ ಸುಮಾರು 3 ಮಂದಿ. ಆದ್ದರಿಂದ ‘ನೂರು ಜನರಲ್ಲಿ ಎಷ್ಟು ಜನರಿಗೆ ವ್ಯತ್ಯಾಸ ಆಯಿತು?’ ಅಂತ ಎಐಯನ್ನು ಬೇರೆಯಾಗಿಯೇ ಕೇಳಿ. ಶೇಕಡಾವಾರು ಓದಿದಾಗ ಆಗುವ ಗಾಬರಿ, ಖುಷಿ ಎರಡೂ ಇಳಿಯುತ್ತದೆ.

‘4,400 ಸಾಕು’ ಅಂತ ಪೇಪರ್ ಎಲ್ಲೂ ಹೇಳಿಲ್ಲ. ಹೆಜ್ಜೆ ಹೆಚ್ಚಿದಂತೆ ಸಾವು ಇಳಿಯುತ್ತಾ ಹೋಗಿ, 7,500ರ ಹತ್ತಿರ ಬಂದಾಗ ಆ ಇಳಿಕೆ ನಿಂತಿತು. 10,000ದ ವಿಷಯದಲ್ಲಿ ಮಾತ್ರ ಫಾರ್ವರ್ಡ್ ಪೂರ್ತಿ ತಪ್ಪಲ್ಲ. ಆ ಸಂಖ್ಯೆ ಹಬ್ಬಿದ್ದು ಜಪಾನಿನ ಕಂಪನಿಯೊಂದು 1965ರಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ‘ಹತ್ತು ಸಾವಿರ ಹೆಜ್ಜೆ ಮೀಟರ್’ ಅನ್ನುವ ಅರ್ಥದ ಹೆಸರಿನಿಂದ, ಪ್ರಯೋಗಾಲಯದಿಂದಲ್ಲ!

ಇನ್ನೊಂದು ಕಡೆ ಎಐ ಜಾರುವುದುಂಟು. ‘ಹೆಚ್ಚು ನಡೆದರೆ ಆಯುಷ್ಯ ಹೆಚ್ಚುತ್ತದೆ’ ಅಂತ ಬರೆದುಬಿಡುತ್ತದೆ. ಈ ಅಧ್ಯಯನದಲ್ಲಿ ಯಾರನ್ನೂ ‘ನೀವು ಇಷ್ಟು ನಡೆಯಿರಿ’ ಅಂತ ನಡೆಸಿಲ್ಲ, ಅವರ ಪಾಡಿಗೆ ನಡೆದವರನ್ನು ಎಣಿಸಿದ್ದಾರೆ ಅಷ್ಟೇ. ಕಾಯಿಲೆ ಇದ್ದವರು ಮೊದಲೇ ಕಡಿಮೆ ನಡೆಯುತ್ತಾರೆ, ಅಲ್ವಾ? ಸಂಶೋಧಕರು ವಯಸ್ಸು, ಧೂಮಪಾನ, ಕಾಯಿಲೆಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಆದರೂ ಅನುಮಾನ ಪೂರ್ತಿ ಹೋಗುವುದಿಲ್ಲ. ಸಾರಾಂಶದಲ್ಲಿ ಇಂಥ ವಾಕ್ಯ ಕಂಡರೆ ‘ಇದು ಕಾರಣ ಅಂತ ಪೇಪರ್ ಹೇಳಿದೆಯಾ, ಜತೆಗೆ ಕಂಡುಬಂತು ಅಂತ ಮಾತ್ರವಾ?’ ಅಂತ ಕೇಳಿ. ಬಹುತೇಕ ತಿದ್ದಿಕೊಳ್ಳುತ್ತದೆ.

ಎರಡನೇ ಪೇಪರ್

ಒಂದೇ ಅಧ್ಯಯನದ ಮೇಲೆ ನಿಲ್ಲಬೇಡಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಮೆಟಾ ಅನಾಲಿಸಿಸ್ ಇದ್ದರೆ ಅದನ್ನೂ ಸೇರಿಸಿ. ಹೆಜ್ಜೆಗಳ ಬಗ್ಗೆ 2022ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ 15 ಅಧ್ಯಯನಗಳ ಮೆಟಾ ಅನಾಲಿಸಿಸ್ ಬಂದಿದೆ. ಎರಡೂ ಪಿಡಿಎಫ್ ಹಾಕಿ, ‘ವಯಸ್ಸು, ದೇಶ, ಎಷ್ಟು ಹೆಜ್ಜೆಯ ಬಳಿಕ ಲಾಭ ಹೆಚ್ಚುವುದು ನಿಲ್ಲುತ್ತದೆ, ಇಷ್ಟನ್ನೂ ಟೇಬಲ್ ಮಾಡಿ ಹೋಲಿಸು’ ಅನ್ನಿ. 60 ದಾಟಿದವರಿಗೆ 6,000ದಿಂದ 8,000, ಅದಕ್ಕಿಂತ ಚಿಕ್ಕವರಿಗೆ 8,000ದಿಂದ 10,000 ಅನ್ನುವ ವ್ಯತ್ಯಾಸ ಆಗ ಎದ್ದು ಕಾಣುತ್ತದೆ. ಅಂದರೆ 72ರ ಹೆಂಗಸರ ಲೆಕ್ಕವನ್ನು 35ರ ಗಂಡಸು ಹಿಡಿದು ಕೂತರೆ ಪ್ರಯೋಜನವಿಲ್ಲ.

ಇಷ್ಟೆಲ್ಲ ಆದಮೇಲೆ ‘ನನಗೆ ಎಷ್ಟು?’ ಅಂತ ಕೇಳುವ ಮನಸ್ಸಾಗುವುದು ಸಹಜ. ಎದೆನೋವು, ಸಕ್ಕರೆ ಕಾಯಿಲೆ, ಮಂಡಿಯ ಆಪರೇಷನ್ ಇದ್ದವರು ಆ ಪ್ರಶ್ನೆಯನ್ನು ಟೇಬಲ್ ಸಮೇತ ಡಾಕ್ಟರ ಹತ್ತಿರ ಒಯ್ಯುವುದೇ ವಾಸಿ. ಸುಮ್ನೆ ಕುತೂಹಲಕ್ಕೆ ನಿಮ್ಮ ಲ್ಯಾಬ್ ರಿಪೋರ್ಟನ್ನೂ ಎಐಗೆ ಹಾಕುವುದಾದರೆ ಹೆಸರು, ಫೋನ್ ನಂಬರ್, ಆಸ್ಪತ್ರೆಯ ನಂಬರ್ ಅಳಿಸಿ ಹಾಕಿ. ನಿಮ್ಮ ಮಾತುಕತೆಯನ್ನು ತರಬೇತಿಗೆ ಬಳಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಆನ್ ಇದ್ದರೆ ಅದನ್ನು ಮೊದಲೇ ಆಫ್ ಮಾಡಿ.