ಐವಿಎಫ್ ಕ್ಲಿನಿಕ್ ಆರಿಸುವುದು ಹೇಗೆ? ದುಡ್ಡು ಕಟ್ಟುವ ಮುನ್ನ ಇಷ್ಟು ಕೇಳಿ

ನಗುವ ಮಗುವಿನ ಫೋಟೊ, ಪಕ್ಕದಲ್ಲಿ ದೊಡ್ಡದಾಗಿ ‘ಶೇ 70 ಯಶಸ್ಸು’. ಇಂಥ ಜಾಹೀರಾತು ನೋಡಿ ಐವಿಎಫ್ (ಅಂಡಾಣು, ವೀರ್ಯಾಣು ಲ್ಯಾಬ್‌ನಲ್ಲಿ ಸೇರಿಸಿ, ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಕ್ಲಿನಿಕ್‌ಗೆ ಹೋಗುವವರೇ ಜಾಸ್ತಿ. ಹೋಗಿ, ಆದರೆ ಅಡ್ವಾನ್ಸ್ ಕಟ್ಟುವ ಮುಂಚೆ ಸ್ವಲ್ಪ ವಿಚಾರಿಸಿ.

ಮೊದಲು ಗೋಡೆ ನೋಡಿ

2021ರ ಎಆರ್‌ಟಿ (ಸಂತಾನೋತ್ಪತ್ತಿಗೆ ನೆರವಾಗುವ ತಂತ್ರಜ್ಞಾನ) ಕಾಯ್ದೆಯ ಪ್ರಕಾರ ಪ್ರತಿ ಕ್ಲಿನಿಕ್ಕೂ ನೋಂದಣಿ ಮಾಡಿಸಿ, ಆ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಬೇಕು. ಅದರಲ್ಲಿ ಎರಡು ವಿಷಯ ನೋಡಿ. ಒಂದು, ಅವಧಿ: ನೋಂದಣಿ 5 ವರ್ಷಕ್ಕೆ ಮಾತ್ರ. ಇನ್ನೊಂದು, ಲೆವೆಲ್. ಲೆವೆಲ್ 1 ಕ್ಲಿನಿಕ್ ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸುವುದು) ಮಾಡಬಹುದು, ಐವಿಎಫ್ ಮಾಡುವ ಹಾಗಿಲ್ಲ. ಅದಕ್ಕೆ ಲೆವೆಲ್ 2 ಬೇಕು. ‘ಗಂಡು ಮಗುವೇ ಆಗೋ ಹಾಗೆ ನೋಡ್ಕೊಳ್ತೀವಿ’ ಎಂದು ಯಾರಾದರೂ ಪಿಸುಗುಟ್ಟಿದರೆ ಎದ್ದು ಬನ್ನಿ. ಅದು ಅಪರಾಧ.

ಶೇಕಡಾ ಎಷ್ಟು ಅಂತಲ್ಲ, ಯಾವುದರಲ್ಲಿ ಶೇಕಡಾ ಅಂತ ಕೇಳಿ

ಸುಮ್ನೆ ಲೆಕ್ಕಕ್ಕೆ ಹೀಗೆ ಹಿಡಿಯೋಣ. 100 ಹೆಂಗಸರು ಅಂಡಾಣು ಬೆಳೆಸುವ ಇಂಜೆಕ್ಷನ್ ಶುರು ಮಾಡಿದರು. 20 ಮಂದಿಗೆ ಅಂಡಾಣು ಸಿಗಲಿಲ್ಲ ಅಥವಾ ಭ್ರೂಣ ಬೆಳೆಯಲಿಲ್ಲ. ಉಳಿದ 80 ಮಂದಿಗೆ ಭ್ರೂಣ ವರ್ಗಾವಣೆ ಆಯಿತು. 40 ಮಂದಿಗೆ ಗರ್ಭ ನಿಂತಿದೆಯೇ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂತು. ಕೊನೆಗೆ ಹೆರಿಗೆಯಾಗಿ ಮಗು ಮನೆಗೆ ಬಂದದ್ದು 30 ಮಂದಿಗೆ. ಕ್ಲಿನಿಕ್ 80ಕ್ಕೆ 40 ಎಂದು ‘ಶೇ 50’ ಬರೆದುಕೊಳ್ಳಬಹುದು. ನಿಮ್ಮ ಲೆಕ್ಕದಲ್ಲಿ ಅದು ಶೇ 30. ಹಾಗಾಗಿ ಪ್ರಶ್ನೆ ಹೀಗಿರಲಿ: ‘ನನ್ನ ವಯಸ್ಸಿನವರು 100 ಮಂದಿ ಚಿಕಿತ್ಸೆ ಶುರು ಮಾಡಿದರೆ, ಎಷ್ಟು ಜನಕ್ಕೆ ಮಗು ಹುಟ್ಟುತ್ತದೆ?’ ವಯಸ್ಸು ಇಲ್ಲಿ ಬಹಳ ಮುಖ್ಯ. ಸ್ವಂತ ಅಂಡಾಣುವಾದರೆ 30 ವಯಸ್ಸಿನವರ ಲೆಕ್ಕ 40 ವಯಸ್ಸಿನವರಿಗೆ ಬರುವುದಿಲ್ಲ. ಈ ಪ್ರಶ್ನೆಗೆ ಮುಖ ಗಂಟಿಕ್ಕುವ ಕಡೆ ನಾನಾದರೆ ದುಡ್ಡು ಕಟ್ಟುವುದಿಲ್ಲ.

ಲ್ಯಾಬ್ ಬಗ್ಗೆ ವಿಚಾರಿಸಿ

ಡಾಕ್ಟರ್ ಹೆಸರು ಎಲ್ಲರೂ ಕೇಳುತ್ತಾರೆ, ಎಂಬ್ರಿಯಾಲಜಿಸ್ಟ್ ಯಾರೆಂದು ಕೇಳುವವರು ಕಡಿಮೆ. ಭ್ರೂಣ ಬೆಳೆಯುವುದು ಅವರ ಕೈಯಲ್ಲಿ ಅಲ್ವಾ? ಅವರು ಅಲ್ಲೇ ಕೆಲಸ ಮಾಡುವವರೋ, ಕರೆದಾಗ ಬಂದು ಹೋಗುವವರೋ ತಿಳಿದುಕೊಳ್ಳಿ. ಭ್ರೂಣ ಇಡುವ ಇನ್‌ಕ್ಯುಬೇಟರ್ ಹೆಚ್ಚುಕಡಿಮೆ 37 ಡಿಗ್ರಿಯಲ್ಲೇ ಇರಬೇಕು. ಕರೆಂಟ್ ಹೋದರೆ ಏನು ವ್ಯವಸ್ಥೆ, ರಾತ್ರಿ ಅಲಾರಂ ಯಾರ ಫೋನಿಗೆ ಬರುತ್ತದೆ? ಸ್ಯಾಂಪಲ್ ಅದಲುಬದಲಾಗದಂತೆ ಒಳ್ಳೆಯ ಲ್ಯಾಬ್‌ನಲ್ಲಿ ಪ್ರತಿ ಹಂತದಲ್ಲೂ ಇಬ್ಬರು ಹೆಸರು ನೋಡಿ ಸಹಿ ಹಾಕುತ್ತಾರೆ. ಮೆಷಿನ್‌ನಿಂದ ಪರಿಶೀಲಿಸುವ ಕಡೆಯೂ ಇದೆ. ನಿಮ್ಮಲ್ಲಿ ಹೇಗೆ ಅಂತ ಕೇಳಿ.

ಪ್ಯಾಕೇಜ್ ಒಡೆದು ನೋಡಿ

ಇಂಜೆಕ್ಷನ್, ಅರಿವಳಿಕೆ, ಉಳಿದ ಭ್ರೂಣದ ಫ್ರೀಜಿಂಗ್, ವರ್ಷದ ಸ್ಟೋರೇಜ್, ಮುಂದಿನ ವರ್ಗಾವಣೆ: ಯಾವುದು ಒಳಗೆ, ಯಾವುದು ಹೊರಗೆ ಎಂದು ಬರೆಸಿಕೊಳ್ಳಿ.

ರಾತ್ರಿ ಫೋನ್ ಯಾರು ಎತ್ತುತ್ತಾರೆ?

ಟ್ರಿಗರ್ ಇಂಜೆಕ್ಷನ್ (ಅಂಡಾಣು ಪೂರ್ತಿ ಬಲಿಯಲು ಕೊನೆಗೆ ಕೊಡುವುದು) ಆಗಿ ಸುಮಾರು 36 ಗಂಟೆಗೆ ಅಂಡಾಣು ತೆಗೆಯುತ್ತಾರೆ. ಹಾಗಾಗಿ ಆ ಇಂಜೆಕ್ಷನ್ ಹೆಚ್ಚಾಗಿ ರಾತ್ರಿ ಹೊತ್ತು ಬೀಳುತ್ತದೆ, ಟೈಮ್ ತಪ್ಪುವಂತಿಲ್ಲ. ಅದಾದ ಮೇಲಿನ ದಿನಗಳಲ್ಲಿ ಹೊಟ್ಟೆ ಬಿಗಿದು ಉಬ್ಬಿದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು. ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡ ಲಕ್ಷಣ ಅದು. ಕ್ಲಿನಿಕ್ ಕೊಟ್ಟ ತುರ್ತು ನಂಬರಿಗೆ ಮೊದಲೇ ಒಂದು ರಾತ್ರಿ ಫೋನ್ ಮಾಡಿ ನೋಡಿ.

ಸಹಿಗೆ ಅವಸರ ಬೇಡ

ಒಪ್ಪಿಗೆ ಪತ್ರ ಮನೆಗೆ ತಂದು ಇಬ್ಬರೂ ಕೂತು ಓದಿ. ಇಂಗ್ಲಿಷ್ ಅರ್ಥವಾಗದಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಎಷ್ಟು ಭ್ರೂಣ ಹಾಕುತ್ತಾರೆ, ಯಾಕೆ ಎಂದು ಕೇಳಿ. ‘ಒಂದೇ ಸಲ ಎರಡಾಗಲಿ ಬಿಡಿ’ ಎನ್ನುವ ಅತ್ತೆ-ಮಾವಂದಿರಿಗೆ, ಅವಳಿಯಾದರೆ ಅವಧಿಗೆ ಮುಂಚೆ ಹೆರಿಗೆ ಆಗುವ ಸಂಭವ ಜಾಸ್ತಿ ಎಂದು ಡಾಕ್ಟರ್ ಬಾಯಲ್ಲೇ ಹೇಳಿಸಿ. ಭ್ರೂಣ ವರ್ಗಾವಣೆ ಆಗುವವರೆಗೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. ಲಾಭ, ಅಪಾಯ, ಖರ್ಚಿನ ಜೊತೆಗೆ ದತ್ತು ತೆಗೆದುಕೊಳ್ಳುವ ದಾರಿಯನ್ನೂ ಕ್ಲಿನಿಕ್ ನಿಮಗೆ ತಿಳಿಸಬೇಕು, ಅದು ಕಾನೂನಿನಲ್ಲೇ ಇದೆ.

ಈ ಸಲ ಆಗಲಿಲ್ಲ ಅಂದರೆ

ಪೂರ್ತಿ ದಾಖಲೆ ಕೇಳಿ. ಎಷ್ಟು ಅಂಡಾಣು ಸಿಕ್ಕವು, ಎಷ್ಟು ಬಲಿತಿದ್ದವು, ಎಷ್ಟು ಫಲಿತವಾದವು, ಯಾವ ದಿನದ ಭ್ರೂಣ ಹಾಕಿದರು, ಎಷ್ಟು ಫ್ರೀಜ್ ಆಗಿವೆ: ಬೇರೆ ಡಾಕ್ಟರ್ ಅಭಿಪ್ರಾಯ ಕೇಳುವಾಗ ಇದೇ ಬೇಕಾಗುತ್ತದೆ. ಕೊಡಲು ಸತಾಯಿಸಿದರೆ, ಕ್ಲಿನಿಕ್‌ನಲ್ಲೇ ಇರಬೇಕಾದ ದೂರು ಘಟಕಕ್ಕೆ ಬರವಣಿಗೆಯಲ್ಲಿ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.