ಹಳೆ ಕಾರಿಗೆ ಟೈರ್ ಗಾಳಿ ಸೆನ್ಸರ್: ಉಪ್ಪು ಗಾಳಿಯ ಊರಿನಲ್ಲಿ ಕೂರಿಸುವ ಕ್ರಮ

ಟೈರ್ ಗಾಳಿ ಸೆನ್ಸರ್ ಎಂದರೆ ಟೈರಿನ ಒತ್ತಡವನ್ನು ಕಾರಿನೊಳಗಿನ ಪುಟ್ಟ ಪರದೆಗೆ ತಿಳಿಸುವ ಸಾಧನ. ಹಳೆ ಕಾರಿಗೆ ವಾಲ್ವ್ ಕ್ಯಾಪಿನ ಜಾಗದಲ್ಲಿ ತಿರುಗಿಸಿ ಹಾಕುವ ಹೊರಗಿನ ಸೆನ್ಸರೇ ಸಾಕು. ಒಳಗಿನ ಸೆನ್ಸರಿಗೆ ಟೈರ್ ಬಿಚ್ಚಿ, ಮತ್ತೆ ವೀಲ್ ಬ್ಯಾಲೆನ್ಸ್ ಮಾಡಿಸಬೇಕು. ಟ್ಯೂಬ್ ಇರುವ ಟೈರಿಗಂತೂ ಅದು ನಡೆಯುವುದಿಲ್ಲ.

ಹೊರಗಿನ ಸೆನ್ಸರ್ ವಾಲ್ವಿನೊಳಗಿನ ಪಿನ್ನನ್ನು ಸದಾ ಒತ್ತಿ ಹಿಡಿದಿರುತ್ತದೆ. ಅಂದರೆ ಅದನ್ನು ಕೂರಿಸಿದ ಮೇಲೆ ಗಾಳಿ ತಡೆಯುವುದು ಸೆನ್ಸರಿನೊಳಗಿನ ಪುಟ್ಟ ರಬ್ಬರ್ ವಾಷರ್ ಮಾತ್ರ. ಆದ್ದರಿಂದ ಮೊದಲು ವಾಲ್ವ್ ನೋಡಿ. ಬೆರಳಿನಿಂದ ಪಕ್ಕಕ್ಕೆ ಬಾಗಿಸಿದಾಗ ಬುಡದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕು ಬಾಯಿ ಬಿಟ್ಟರೆ ನಾಲ್ಕನ್ನೂ ಬದಲಿಸಿ. ಟ್ಯೂಬ್‌ಲೆಸ್ ಟೈರಿಗೆ ಸಾಮಾನ್ಯವಾಗಿ ಟಿಆರ್ 413 ಎಂಬ ಗಿಡ್ಡ ರಬ್ಬರ್ ವಾಲ್ವ್ ಹೊಂದುತ್ತದೆ. ಅದಕ್ಕಿಂತ ಉದ್ದದ್ದು ಬೇಡ. ವೇಗ ಹೆಚ್ಚಿದಾಗ ಸೆನ್ಸರಿನ ಭಾರ ವಾಲ್ವನ್ನು ಹೊರಕ್ಕೆ ಎಳೆದು ಬುಡ ಹರಿಯುತ್ತದೆ.

ಕಾರು ಮೂರು ತಾಸಾದರೂ ನಿಂತಿರಲಿ. ಬೆಳಿಗ್ಗೆ ಬಿಸಿಲು ಬೀಳುವ ಮುನ್ನ, ಬಾಗಿಲ ಪಕ್ಕದ ಸ್ಟಿಕರಿನಲ್ಲಿ ಬರೆದಷ್ಟು ಗಾಳಿ ತುಂಬಿ. ಪ್ರತಿ ಸೆನ್ಸರಿನ ಮೇಲೆ ಅದರ ಗಾಲಿಯ ಗುರುತಿರುತ್ತದೆ: ಎಫ್‌ಎಲ್ ಎಂದರೆ ಮುಂದಿನ ಎಡಗಾಲಿ. ಗುರುತು ನೋಡಿ ಆಯಾ ಸೆನ್ಸರನ್ನು ಕೈಯಿಂದಲೇ ಬಿಗಿ ಮಾಡಿ. ಸಾಬೂನು ನೀರು ಹಚ್ಚಿ ಒಂದು ನಿಮಿಷ ಕಾಯಿರಿ. ಒಂದೇ ಒಂದು ಗುಳ್ಳೆ ಎದ್ದರೂ ತೆಗೆದು ಮತ್ತೆ ಕೂರಿಸಿ. ಕಳ್ಳತನ ತಡೆಯಲೆಂದು ಕೊಡುವ ನಟ್ಟು ನಮ್ಮ ಕರಾವಳಿ ಕಡೆ ಹಾಕದಿರುವುದೇ ಒಳ್ಳೆಯದು: ಅದರ ಸಂದಿಯಲ್ಲಿ ಉಪ್ಪು ನಿಲ್ಲುತ್ತದೆ, ಗಾಳಿ ತುಂಬಿಸುವಾಗಲೆಲ್ಲ ಪಾನಾ ಹುಡುಕಬೇಕು.

ಕಾರವಾರ, ಅಂಕೋಲಾ, ಕುಮಟಾದಲ್ಲಿ ನಿಜವಾದ ಶತ್ರು ಉಪ್ಪು. ವಾಲ್ವ್ ಹಿತ್ತಾಳೆಯದು. ಸೆನ್ಸರಿನ ಮರೆ (ವಾಲ್ವಿಗೆ ತಿರುಗಿಸಿ ಕೂರಿಸುವ ಥ್ರೆಡ್) ಅಲ್ಯೂಮಿನಿಯಂ ಆಗಿದ್ದರೆ ಉಪ್ಪು ತೇವ ಸೇರಿ ಅಲ್ಯೂಮಿನಿಯಂ ಸವೆಯುತ್ತದೆ, ಬಿಳಿ ಪುಡಿ ಕಟ್ಟಿ ಕಚ್ಚಿಕೊಳ್ಳುತ್ತದೆ. ಆಗ ಇಕ್ಕಳ ಹಾಕಿ ತಿರುಗಿಸಿದರೆ ವಾಲ್ವೇ ತಿರುಚಿ ಹರಿದು ಗಾಳಿಯೆಲ್ಲ ಹೋಗುತ್ತದೆ. ಹಿತ್ತಾಳೆ ಮರೆಯದನ್ನೇ ಕೇಳಿ ಕೊಳ್ಳಿ. ಮರೆಗೆ ಮಾತ್ರ ತೆಳುವಾಗಿ ಸಿಲಿಕಾನ್ ಗ್ರೀಸ್ ಸವರಿ, ವಾಲ್ವಿನ ಬಾಯಿಗೆ ತಾಗಿಸಬೇಡಿ. ಮೂರು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ. ಸೆನ್ಸರಿನ ಬ್ಯಾಟರಿ ಹೆಚ್ಚಾಗಿ ಸಿಆರ್ 1632 ಎಂಬ ಬಿಲ್ಲೆ. ಬದಲಿಸುವಾಗ ಒಳಗಿನ ರಬ್ಬರ್ ಉಂಗುರ ಸರಿಯಾಗಿ ಕೂರದಿದ್ದರೆ ಮೊದಲ ಮಳೆಗೇ ನೀರು ನುಗ್ಗುತ್ತದೆ.

ಎಚ್ಚರಿಕೆಯ ಮಿತಿಯನ್ನು ತಂಪು ಟೈರಿನ ಲೆಕ್ಕದಲ್ಲಿ ಇಡಿ. ಸ್ಟಿಕರ್ 30 ಪಿಎಸ್‌ಐ ಎಂದಿದ್ದರೆ ಕೆಳಗೆ 25, ಮೇಲೆ 39. ಟೈರ್ 5–6 ಡಿಗ್ರಿ ಬಿಸಿಯಾದರೆ ಸುಮಾರು 1 ಪಿಎಸ್‌ಐ ಏರುತ್ತದೆ. ಮೇಲಿನ ಮಿತಿ 34 ಇಟ್ಟರೆ ಹೆದ್ದಾರಿಯಲ್ಲಿ ಸುಮ್ಮನೆ ಕೂಗುತ್ತಿರುತ್ತದೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿ ಹೊರಗಿನ ಒತ್ತಡ ಹೆಚ್ಚುಕಡಿಮೆ 1 ಪಿಎಸ್‌ಐ ಕಡಿಮೆ. ಕೈ ಗೇಜು ಅಷ್ಟು ಹೆಚ್ಚು ತೋರಿಸಿತೆಂದು ಗಾಳಿ ಬಿಡಬೇಡಿ.

ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟ ಇಳಿಯುವಾಗ ಪರದೆಯ ಉಷ್ಣತೆಯ ಅಂಕಿಯನ್ನು ನೆಚ್ಚಬೇಡಿ. ಹೊರಗಿನ ಸೆನ್ಸರ್ ಗಾಳಿಗೆ ತಣ್ಣಗಾಗುತ್ತಿರುತ್ತದೆ. ಒತ್ತಡ ನೋಡಿ. ಮುಂದಿನ ಎರಡು ಗಾಲಿಗಳಲ್ಲಿ ಒಂದು ಮಾತ್ರ 3–4 ಪಿಎಸ್‌ಐ ಹೆಚ್ಚು ಏರಿದರೆ ಆ ಬದಿಯ ಬ್ರೇಕ್ ಕಚ್ಚಿ ಹಿಡಿದಿರಬಹುದು. ತಿರುವು ದಾಟಿ ಅಗಲ ಜಾಗದಲ್ಲಿ ನಿಲ್ಲಿಸಿ, ಗಾಲಿಯನ್ನು ಮುಟ್ಟದೆ ಹತ್ತಿರದಿಂದ ಕೈ ಒಡ್ಡಿ ಕಾವು ನೋಡಿ. ನೀರು ಮಾತ್ರ ಸುರಿಯಬೇಡಿ, ಕಾದ ಬ್ರೇಕ್ ಡಿಸ್ಕ್ ಸೀಳಬಹುದು.